ಸ್ವಾಧೀನ ಇದೆಯಾ?

ಕಾನೂನು ಕಾಲೇಜಿನಲ್ಲಿ ಅವಳಿಗೆ ಕಲಮಮ್ಮ ಎಂದೇ ಹೆಸರು. ಬಾಯಿ ತೆರೆದರೆ ಇಂಥ ಕಾಯ್ದೆಯ ಇಂಥ ಕಲಮು ಎನ್ನುತ್ತಿದ್ದಳಲ್ಲ, ಗೆಳತಿಯರು ಸುಮ್ಮನೆ ಬಿಡುತ್ತಾರೆಯೇ? ಕೊನೆಯ ವರ್ಷದವರು ಕಾಲೇಜೇ ನಡೆಸುವ ಉಚಿತ ಕಾನೂನು ನೆರವು ಕೇಂದ್ರದಲ್ಲಿ ಕೂತು, ನಿಜವಾದ ಕಕ್ಷಿದಾರರ ಕೆಲಸ ಮಾಡಿ ಕಲಿಯಬೇಕಿತ್ತು. ಪುಸ್ತಕವನ್ನೆಲ್ಲ ಅರೆದು ಕುಡಿದವಳಿಗೆ ಇದೇನು ಮಹಾ ಎಂದುಕೊಂಡೇ ಹೋದಳು.

ಮೊದಲ ದಿನವೇ ಎದುರಿಗೆ ಬಂದು ಕೂತವರು ಶಾಲು ಹೊದ್ದ ಒಬ್ಬ ದರ್ಜಿ ಹೆಂಗಸು. ಅಮ್ಮನಿಗಿಂತ ಹಿರಿಯರು. ಬಾಡಿಗೆ ಅಂಗಡಿ. ಮಾಲೀಕ ದಿನಾ ಬಂದು, ಖಾಲಿ ಮಾಡದಿದ್ದರೆ ಹೊಲಿಗೆ ಯಂತ್ರವನ್ನು ಬೀದಿಗೆಸೆಯುತ್ತೇನೆ ಎಂದು ಕೂಗಾಡುತ್ತಿದ್ದನಂತೆ. ಅಂಗಡಿ ಹೋದರೆ ಅವರಿಗೂ ಜೊತೆಗೆ ದುಡಿಯುವ ತಂಗಿಗೂ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ಕೋರ್ಟಿನಿಂದ ತಡೆಯಾಜ್ಞೆ ತರಬೇಕಿತ್ತು. ಅದು ಸಿಗುವುದು ಜಾಗ ಯಾರ ಸ್ವಾಧೀನದಲ್ಲಿದೆಯೋ ಅವರಿಗೆ. ಇದಂತೂ ಕಲಮಮ್ಮನಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು.

ಹಾಗಾಗಿ ಬರೆಯುತ್ತಿದ್ದ ಹಾಳೆಯಿಂದ ಕಣ್ಣು ಕೀಳದೆ ಕೇಳಿದಳು: “ಸ್ವಾಧೀನ ಇದೆಯಾ ಅಮ್ಮ?”

ಆಕೆ ಶಾಲು ಎಳೆದುಕೊಂಡು, “ಎಲ್ಲಿದೆ ಮಗಳೇ, ತಪ್ಪಿ ಒಂದು ವರ್ಷ ಆಯ್ತು” ಎಂದರು.

ಕಲಮಮ್ಮನ ಪೆನ್ನು ನಿಂತಿತು. ಸ್ವಾಧೀನ ಇಲ್ಲದವರಿಗೆ ಎಲ್ಲಿಯ ತಡೆಯಾಜ್ಞೆ? ಆದರೂ ಸುಳ್ಳು ಬರೆಯುವ ಹಾಗಿಲ್ಲವಲ್ಲ ಎಂದು, ಒಂದು ವರ್ಷದ ಹಿಂದೆ ಸ್ವಾಧೀನ ತಪ್ಪಿದೆ ಎಂದೇ ಅರ್ಜಿಯಲ್ಲಿ ಬರೆದಳು. ಕೋರ್ಟಿಗೆ ಹೋಗಿದ್ದರೆ ಆ ಒಂದು ಸಾಲು ಅಂಗಡಿಯನ್ನು ನುಂಗಿ ನೀರು ಕುಡಿಯುತ್ತಿತ್ತು.

ಕೇಂದ್ರ ನಡೆಸುವ ವಕೀಲೆ ಮೇಡಂ ಅವರದು ಒಂದು ಹಟ. ಕಕ್ಷಿದಾರರು ಸಹಿ ಹಾಕುವ ಮೊದಲು ಬರೆದದ್ದನ್ನೆಲ್ಲ ಆ ಕಕ್ಷಿದಾರರಿಗೇ ಬಾಯಲ್ಲಿ ಹೇಳಬೇಕು. ಅದೂ ಕೋರ್ಟಿನ ಒಂದು ಪದವೂ ಇಲ್ಲದೆ, ಪಕ್ಕದ ಮನೆಯವರ ಹತ್ತಿರ ಮಾತಾಡಿದ ಹಾಗೆ. ಹುಡುಗರು ಬೆನ್ನ ಹಿಂದೆ ಇದನ್ನು ಅಜ್ಜಿಕಥೆ ಪೀರಿಯಡ್ ಎಂದು ನಗುತ್ತಿದ್ದರು. ಕಲಮಮ್ಮನೂ ಗೊಣಗಿಕೊಂಡೇ ಶುರು ಮಾಡಿದಳು. ಸ್ವಾಧೀನದ ಸಾಲು ಬಂದಾಗ ನಾಲಿಗೆ ತಡವರಿಸಿತು. ಅದಕ್ಕೊಂದು ಮನೆಮಾತು ಹುಡುಕಬೇಕಲ್ಲ. “ಅಂಗಡಿ ನಿಮ್ಮಿಂದ ಹೋಗಿ ಒಂದು ವರ್ಷ ಆಯ್ತು ಅಂದ್ರಿ” ಎಂದಳು.

“ಅಂಗಡಿ ಎಲ್ಲಿಗೆ ಹೋಗುತ್ತೆ? ಈಗ ಬಾಗಿಲು ಹಾಕ್ಕೊಂಡು ಅಲ್ಲಿಂದಾನೇ ಬಂದೆ” ಎಂದು ಆಕೆ ಕಣ್ಣರಳಿಸಿದರು. ಆಮೇಲೆ ಶಾಲಿನೊಳಗಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲಿಟ್ಟರು. “ನಾನು ಹೇಳಿದ್ದು ಇದರ ಸ್ವಾಧೀನ. ಲಕ್ವ ಹೊಡೀತು. ಈಗ ಗಿರಾಕಿಗಳನ್ನ ನೋಡ್ಕೊಳ್ಳೋದು ನಾನು, ಹೊಲಿಯೋದು ತಂಗಿ.”

ಕಲಮಮ್ಮನಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಖಾಲಿ ಮಾಡು ಎಂದು ಮಾಲೀಕ ದಿನಾ ಕೂಗಾಡುವುದು ಅಂಗಡಿ ಇವರ ಕೈಯಲ್ಲೇ ಇರುವುದಕ್ಕಲ್ಲವೇ, ಅದೂ ಹೊಳೆದಿರಲಿಲ್ಲ. ಮೇಡಂ ಬೈಯಲಿಲ್ಲ. ಆ ಸಾಲು ಹೊಡೆದುಹಾಕಿ ಹೊಸದಾಗಿ ಬರೆ ಎಂದರು, ಅಷ್ಟೇ. ಬೈದಿದ್ದರೆ ಮರೆತಾದರೂ ಹೋಗುತ್ತಿತ್ತೇನೋ. ಈ ಹಟಮಾರಿ ಮೇಡಂ ಋಣ ಈ ಜನ್ಮದಲ್ಲಿ ತೀರುವಂಥದ್ದಲ್ಲ ಎಂದುಕೊಂಡೇ ಅವಳು ಹೊಸ ಅರ್ಜಿ ಬರೆದಳು.

ಕೋರ್ಟಿನಲ್ಲಿ ಮೇಡಂ ವಾದಿಸಿದರು. ಕಲಮಮ್ಮ ಹಿಂದೆ ಕೂತಿದ್ದಳು. ನ್ಯಾಯಾಧೀಶರು ಕೇಳಿದ್ದು ಒಂದೇ ಪ್ರಶ್ನೆ, ಅಂಗಡಿ ಈಗ ಯಾರ ಸ್ವಾಧೀನದಲ್ಲಿದೆ ಎಂದು. ತಡೆಯಾಜ್ಞೆ ಸಿಕ್ಕಿತು.

ಕೋರ್ಟಿನ ಹೊರಗೆ ದರ್ಜಿಯಮ್ಮ ನೇರ ಅವಳ ಹತ್ತಿರವೇ ಬಂದರು. ನಿನ್ನಿಂದ ದೊಡ್ಡ ಉಪಕಾರವಾಯಿತು ಎಂದಾಗ ಅವಳಿಗೆ ಅಳುವೇ ಬಂತು. ನಾನು ಮಾಡಿದ್ದು ಎಡವಟ್ಟು ಮಾತ್ರ, ನಿಮ್ಮ ಅಂಗಡಿಯನ್ನೇ ಕಳೆದುಬಿಡುತ್ತಿದ್ದೆ ಎಂದಳು.

“ಅದಿರಲಿ. ವರ್ಷದಿಂದ ಬಂದವರೆಲ್ಲ ಅಂಗಡಿ ಏನಾಯ್ತು, ಬಟ್ಟೆ ಯಾವಾಗ ಕೊಡ್ತೀರಿ ಅಂತಲೇ ಕೇಳ್ತಾರೆ. ನೀನು ಅವತ್ತು ಸ್ವಾಧೀನ ಇದೆಯಾ ಅಮ್ಮ ಅಂದಾಗ, ಸದ್ಯ, ಒಬ್ಬರಾದ್ರೂ ನನ್ನ ಕೈ ವಿಚಾರ ಕೇಳಿದ್ರಲ್ಲ ಅನ್ನಿಸ್ತು. ಆಮೇಲೆ ಗೊತ್ತಾಯ್ತು ಬಿಡು, ನೀನು ಕೇಳಿದ್ದು ಅದಲ್ಲ ಅಂತ. ಆದ್ರೂ ಅಷ್ಟು ಹೊತ್ತು ಮನಸ್ಸು ಹಗುರಾಗಿತ್ತು.”

ತಾನು ಕೊಡದೇ ಇದ್ದದ್ದಕ್ಕೆ ಈ ತಾಯಿ ಕೃತಜ್ಞತೆ ಹೇಳುತ್ತಿದ್ದಾರಲ್ಲ. ಕಲಮಮ್ಮ ಆ ಬಲಗೈಯನ್ನು ಮೆಲ್ಲಗೆ ತನ್ನ ಎರಡೂ ಕೈಗೆ ತೆಗೆದುಕೊಂಡಳು.

“ಈಗ ಹೇಗಿದೆ ಅಮ್ಮ ಕೈ?”

ದರ್ಜಿಯಮ್ಮ ಅಲ್ಲೇ ಬೆಂಚಿನ ಮೇಲೆ ಕೂತು, ಅವಳನ್ನೂ ಕೂರಿಸಿಕೊಂಡು, ಮೊದಲಿನಿಂದ ಹೇಳತೊಡಗಿದರು.