ಕೆಂಪು ಗಾಜು

ಸಾಮಾನು ಪೆಟ್ಟಿಗೆಗೆ ತುಂಬುತ್ತಿದ್ದ ಕ್ಯಾಮೆರಾಮನ್ ಮಸ್ರಿಯ ಕೈ ತಟ್ಟನೆ ನಿಂತಿತು. ಲೆನ್ಸಿನ ಬಾಯಿಗೆ ಕೆಂಪು ಗಾಜು ಇನ್ನೂ ಕಚ್ಚಿಕೊಂಡಿತ್ತು. ಕಪ್ಪು-ಬಿಳುಪು ಚಿತ್ರದಲ್ಲಿ ಹಗಲನ್ನು ಕತ್ತಲಾಗಿಸುವ ಆ ಗಾಜನ್ನು ಬೆಳಿಗ್ಗೆ ಸಿಂಗಪುರದ ಸುಡುಬಿಸಿಲಲ್ಲೇ ಇರುಳಿನ ದೃಶ್ಯ ತೆಗೆಯಲು ಹಾಕಿದ್ದ. ಮಧ್ಯಾಹ್ನ ಮದುಮಗಳ ಬೀಳ್ಕೊಡುಗೆಯನ್ನೂ ಅದರಲ್ಲೇ ತೆಗೆದುಬಿಟ್ಟಿದ್ದ! ಹಾಡುಹಗಲಿನ ದೃಶ್ಯ ಕಗ್ಗತ್ತಲಾಗುವುದು ಖಂಡಿತ. ಮತ್ತೆ ತೆಗೆಯೋಣವೆಂದರೆ ನಾಯಕಿ ರೊಕಿಯಾ ಆಗಲೇ ಪೆನಾಂಗಿನ ಹಡಗು ಹತ್ತಿದ್ದಳು. ಎಲ್ಲರೂ ತೌಕೆ ಎಂದು ಕರೆಯುವ ಸ್ಟುಡಿಯೋ ಯಜಮಾನ ಮದುವೆ ಚಪ್ಪರವನ್ನೂ ಕೀಳಿಸಿಬಿಟ್ಟಿದ್ದ.

ಚಿತ್ರ ಕತ್ತಲಾದರೆ ಆ ಸ್ಟುಡಿಯೋದಲ್ಲಿ ಒಂದೇ ಶಾಸ್ತ್ರ: ಕ್ಯಾಮೆರಾದವರು ರೀಲು ತೊಳೆಯುವ ಲ್ಯಾಬಿನವರನ್ನು ಬೈಯಬೇಕು, ಲ್ಯಾಬಿನವರು ಕ್ಯಾಮೆರಾದವರನ್ನು. ಯಾರ ಗಂಟಲು ದೊಡ್ಡದೋ ತೌಕೆಗೆ ಅವರದೇ ಸತ್ಯ. ಹೋದ ತಿಂಗಳು ತಪ್ಪು ಮಸ್ರಿಯದು, ಗಂಟಲೂ ಅವನದೇ. ಲ್ಯಾಬಿನ ಕಿಯಾಟ್‌ನ ದ್ರಾವಣ ಹಳಸಿದೆ ಎಂದು ಎಲ್ಲರೆದುರು ಕೂಗಾಡಿದ್ದ. ಈಗ ಅದೇ ಕಿಯಾಟ್‌ನ ಮುಂದೆ ಕೈಮುಗಿದು ನಿಲ್ಲಬೇಕಾಯಿತು.

"ರೀಲನ್ನ ತೊಟ್ಟೀಲಿ ಇನ್ನಷ್ಟು ಹೊತ್ತು ಬಿಡೋ. ಕತ್ತಲು ಕರಗುತ್ತೆ."

"ಚಿತ್ರ ರವೆ ರವೆಯಾಗಿ ಬಂದ್ರೆ? ನನ್ ತಲೇಗೇ ಕಟ್ತೀಯ."

"ಅಲ್ಲಾನ ಆಣೆ! ತಪ್ಪು ನಂದೇ ಅಂತ ತೌಕೆ ಹತ್ರ ನಾನೇ ಹೇಳ್ತೀನಿ."

"ಹೋದ ತಿಂಗಳದ್ದು?"

"ಅದನ್ನೂ ಹೇಳ್ತೀನಿ, ಮಾರಾಯ."

"ಕಾರ್ಯವಾಸಿ ಕತ್ತೆಕಾಲು," ಕಿಯಾಟ್ ನಕ್ಕ. "ಹೋಗ್ಲಿ, ಇವತ್ತು ನಾನೇ ಕತ್ತೆ."

ಮರುದಿನ ಮಸ್ರಿ ತೌಕೆಯ ಪಕ್ಕ ಕೂತ. ತೆಗೆದ ದೃಶ್ಯಗಳನ್ನು ನೋಡುವ ಕೋಣೆಯಲ್ಲಿ ದೀಪ ಆರಿತು. ಪರದೆಯ ಮೇಲೆ ಬೆಳಕು ಬಂತು, ರವೆಯೂ ಒಂದಿಷ್ಟು ಬಂತು. ಕೆಂಪು ಗಾಜು ರೊಕಿಯಾಳ ತುಟಿಯ ಬಣ್ಣವನ್ನೆಲ್ಲ ಹೀರಿಕೊಂಡಿತ್ತು. ರಾತ್ರಿಯೆಲ್ಲ ಅತ್ತ ಮದುಮಗಳಂತೆ ಬಿಳಿಚಿಕೊಂಡು ನಿಂತಿದ್ದಳು.

ತೌಕೆ ತೊಡೆ ತಟ್ಟಿದ. "ಭಲೇ ಮಸ್ರಿ! ತುಟೀಲಿ ರಕ್ತಾನೇ ಇಲ್ಲ, ಪಾಪ, ಹುಡುಗಿ! ನೋಡ್ದ್ಯಾ, ನೀನು ಬೈದ ಮೇಲೆ ಲ್ಯಾಬೂ ದಾರಿಗೆ ಬಂತು."

ಕಿಯಾಟ್ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲೇ ಕಾದಿದ್ದ. ಮಸ್ರಿ ಎದ್ದು ನಿಂತ. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ತೌಕೆಯ ನಗುಮುಖ ನೋಡಿದ್ದೇ ತಡ, ಅದನ್ನು ನುಂಗಿಕೊಂಡ.

"ಹೌದು, ತೌಕೆ," ಎಂದ. "ಬೈದ್ರೆ ಸರಿಹೋಗ್ತಾನೆ ಅವನು."

ಕಿಯಾಟ್ ತಲೆಯಾಡಿಸಿ ಲ್ಯಾಬಿನ ಕಡೆ ನಡೆದ. ಅಲ್ಲಿ ಮಸ್ರಿಯವೇ ಇನ್ನೂ ಎರಡು ರೀಲು ತೊಳೆಯುವುದಿತ್ತು.