ವೇಗ ಕಳೆದ ಚೆಂಡು

ನಮ್ಮಕ್ಕ ಕ್ರಿಕೆಟ್ ಚೆಂಡು ಹೊಲಿಯುವವಳು. ಕೆಂಪು ಚರ್ಮದ ಎರಡು ಬಟ್ಟಲುಗಳನ್ನು ಮೇಣ ತೀಡಿದ ದಾರದಿಂದ ಕೂಡಿಸುತ್ತ ಒಂಬತ್ತು ವರ್ಷ ಕಳೆದಿದ್ದಳು. ಹೊಲಿಯುವ ಕೋಣೆಯಲ್ಲಿ ಟೀವಿ ಇರಲಿಲ್ಲ, ರೇಡಿಯೋ ಇತ್ತು. ಇಂಗ್ಲಿಷ್ ಕಾಮೆಂಟರಿ ಕೇಳಿ ಕೇಳಿಯೇ ಅವಳ ನಾಲಿಗೆಗೆ ಆ ಭಾಷೆ ಹತ್ತಿತ್ತು. ಊರಿನ ಮೈದಾನಕ್ಕೆ ಇಂಗ್ಲಿಷ್ ಕಾಮೆಂಟರಿಯವರು ಬೇಕೆಂದು ತಿಳಿದ ದಿನವೇ ಹೋಗಿ ಹೆಸರು ಕೊಟ್ಟಳು.

ಮೊದಲ ಪರೀಕ್ಷೆಯಲ್ಲೇ ಎಡವಿದಳು. ಸಿಡಿಲಿನಂಥ ಚೆಂಡೊಂದು ಸ್ಟಂಪ್ ಹಾರಿಸಿದಾಗ ಮೈಕಿನಲ್ಲಿ, “ಹಿ ಟುಕ್ ದ ಪೇಸ್ ಆಫ್ ದ ಬಾಲ್!” ಎಂದು ಕೂಗಿಬಿಟ್ಟಳು. ಮೈದಾನದ ತುಂಬ ನಗು. ಬೌಲರ್ ಬೇಕೆಂದೇ ಚೆಂಡನ್ನು ನಿಧಾನ ಮಾಡಿದಾಗ ಹೇಳುವ ಮಾತಂತೆ ಅದು.

ಹಳೆಯ ಕಾಮೆಂಟೇಟರನ್ನು ಎಲ್ಲರೂ ಮೈಕ್ ಮಾಮ ಎನ್ನುತ್ತಿದ್ದರು. “ಭಾನುವಾರ ಇನ್ನೊಂದು ಓವರ್ ಕೊಡ್ತೀನಮ್ಮ. ಅದೂ ಕೆಟ್ರೆ ಸೂಜಿ ದಾರವೇ ಗತಿ,” ಎಂದರು.

ಮನೆಗೆ ಬಂದ ಅಕ್ಕ ಚಪ್ಪಲಿಯನ್ನೂ ಬಿಡದೆ ಕೂತಳು. “ರೇಡಿಯೋದಲ್ಲಿ ಆ ಮಾತು ಬಂದ್ರೆ ಸಾಕು, ಜನ ಹೋ ಅಂತಿದ್ರು, ವಿಕೆಟ್ ಬಿದ್ದಿರ್ತಿತ್ತು. ಭಾರಿ ಜೋರಿನ ಚೆಂಡೇ ಅಂದ್ಕೊಂಡಿದ್ದೆ. ಕಣ್ಣಲ್ಲಿ ನೋಡಿದ್ರೆ ತಾನೇ ಗೊತ್ತಾಗೋದು! ನಿಧಾನದ ಚೆಂಡಿಗೆ ವಿಕೆಟ್ ಯಾಕಜ್ಜಿ ಬೀಳುತ್ತೆ?”

ಅಜ್ಜಿಗೆ ಕ್ರಿಕೆಟ್ಟೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. “ನೀನು ಊಟಕ್ಕೆ ಹಟ ಮಾಡ್ತಿದ್ದೆಯಲ್ಲ, ಆಗ ಕಥೆ ಹೇಳ್ತಿದ್ದೆ. ರಾಕ್ಷಸ ಓಡೋಡಿ ಬಂದ, ಓಡೋಡಿ ಬಂದ, ಬಂದೂ... ಅಂತ ಎಳೀತಿದ್ದೆ. ಮುಂದೇನು ಅಂತ ನೀನು ಬಾಯಿ ಬಿಡ್ತಿದ್ದೆ. ತುತ್ತು ಒಳಗೆ!”

ಅಕ್ಕ ಬಿಟ್ಟ ಬಾಯಿ ಮುಚ್ಚಲಿಲ್ಲ. “ಅಯ್ಯೋ ಅಜ್ಜಿ, ನೀನು ದೊಡ್ಡ ಬೌಲರ್ ಕಣೆ!”

ಭಾನುವಾರ ನಾನೂ ಜೊತೆಗೆ ಹೋದೆ. ಗಾಜಿನ ಪುಟ್ಟ ಕೋಣೆಯಲ್ಲಿ ಅವಳ ಹಿಂದೆ ಸ್ಟೂಲಿನ ಮೇಲೆ ಕೂತೆ. ಮೊದಲ ಐದು ಚೆಂಡೂ ಗುಂಡಿನಂತೆ ಬಂದವು. ಅಕ್ಕ “ಕ್ವಿಕ್”, “ವೆರಿ ಕ್ವಿಕ್” ಎಂದಳೇ ಹೊರತು ಆ ಮಾತನ್ನು ಮುಟ್ಟಲಿಲ್ಲ. ಅದೊಂದನ್ನು ಬಿಟ್ಟೇ ಓವರ್ ದಾಟಿಸಿಬಿಡಲಿ ಎಂದು ನಾನೂ ಬೇಡಿಕೊಂಡೆ.

ಆರನೆಯದಕ್ಕೂ ಬೌಲರನದು ಅದೇ ಓಟ, ಅದೇ ತೋಳಿನ ಬೀಸು. ಚೆಂಡು ಮಾತ್ರ, ಮನೆಗೆ ಹೋಗಲು ಮನಸ್ಸಿಲ್ಲದ ಮಗುವಿನ ಹಾಗೆ ಕಾಲೆಳೆಯುತ್ತ ಬಂತು. ಅವಸರಪಟ್ಟ ಬ್ಯಾಟಿನ ತುದಿಗೆ ತಾಗಿ, ಮೇಲೆದ್ದು, ಬೌಲರನ ಕೈಗೇ ಬಿತ್ತು.

ಜನ ಕೂಗುವ ಮೊದಲೇ ಅಕ್ಕ, ಕಿವಿಯಲ್ಲಿ ಗುಟ್ಟು ಹೇಳುವಂತೆ ಮೆಲ್ಲಗೆ ಅಂದಳು: “ಹಿ ಟುಕ್ ದ ಪೇಸ್ ಆಫ್ ದ ಬಾಲ್.”

ಯಾರೂ ನಗಲಿಲ್ಲ. ಮೈಕ್ ಮಾಮ ಎದ್ದು ನಿಂತರು.

“ಟೀ ಕುಡಿದು ಬರ್ತೀನಿ.”

“ಮಾಮಾ, ನನ್ನ ಓವರ್ ಮುಗೀತಲ್ಲ...”

“ಮ್ಯಾಚ್ ಮುಗಿದಿಲ್ವಲ್ಲ ತಾಯಿ,” ಎಂದು ಬಾಗಿಲು ಎಳೆದುಕೊಂಡು ಹೋದರು.

ಅಕ್ಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.