ಮೂರನೆಯ ಕಾರ್ಡು

ಹಡಗಿನಲ್ಲಿ ಒಂದು ಲಾರ್ಜ್ ರಮ್ಮಿಗೆ ಒಂಬೈನೂರ ಎಂಬತ್ತು ರೂಪಾಯಿ. ಅದರ ಮೇಲೆ ಸರ್ವೀಸ್ ಚಾರ್ಜು ಅಂತ ಇನ್ನೊಂದು ನೂರ ಎಪ್ಪತ್ತಾರು. ಒಟ್ಟು ಸಾವಿರದ ನೂರ ಐವತ್ತಾರು. ಆ ದುಡ್ಡಿಗೆ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡ್ ಹಿಂದಿನ ಎಂ.ಆರ್.ಪಿ. ಅಂಗಡಿಯಲ್ಲಿ ಒಬ್ಬ ಮನುಷ್ಯ ಒಂದು ವಾರ ಕುಡಿದು, ಮಿಕ್ಕಿದ್ದರಲ್ಲಿ ಮನೆಗೆ ಬೋಂಡ ಕಟ್ಟಿಸಿಕೊಂಡು ಹೋಗಬಹುದು. ಲೆಕ್ಕ ಇಷ್ಟು ಬಾಯಿಪಾಠವಾಗಿದೆ ಎಂದು ನನ್ನನ್ನು ಕುಡುಕ ಎಂದುಕೊಳ್ಳಬೇಡಿ. ಕುಡುಕನಾಗಿದ್ದೆ, ಸುಳ್ಳು ಯಾಕೆ. ಅಣ್ಣನ ಮಣ್ಣಿನ ದಿನ ಮಗಳು ಅರ್ಪಿತಳ ತಲೆ ಮುಟ್ಟಿ ಆಣೆ ಮಾಡಿ ಬಿಟ್ಟವನು, ಮೂರು ವರ್ಷವಾಯಿತು, ಒಂದು ತೊಟ್ಟೂ ಮುಟ್ಟಿಲ್ಲ.

ನಮ್ಮದು ಸಿಂಧಘಟ್ಟ. ಕೆ.ಆರ್. ಪೇಟೆಯಲ್ಲಿ ಪೈಪು, ಮೋಟಾರು ಮಾರುವ ಅಂಗಡಿ. ಅದನ್ನು ಇಟ್ಟವನು ಅಣ್ಣ ಚಿಕ್ಕಸ್ವಾಮಿ. ಬೋರ್ಡಿನಲ್ಲಿ, ಲೈಸೆನ್ಸಿನಲ್ಲಿ, ಪೈಪಿನ ಕಂಪನಿಯ ಪಟ್ಟಿಯಲ್ಲಿ ಇವತ್ತಿಗೂ ಅವನದೇ ಹೆಸರು. ಬದಲಾಯಿಸಬೇಕೆಂದು ಒಮ್ಮೆ ಬೋರ್ಡಿಗೆ ಏಣಿ ಹಾಕಿಸಿದೆ, ಆದರೆ ಮನಸ್ಸು ಬರಲಿಲ್ಲ. ಬಣ್ಣದವನಿಗೆ ಕಾಫಿ ಕುಡಿಸಿ ಕಳಿಸಿಬಿಟ್ಟೆ.

ಅಣ್ಣ ಸಂಜೆ ಶೆಟರು ಎಳೆದು ಸರಿಯಾಗಿ ಆರೂ ನಲವತ್ತಕ್ಕೆ ಆ ಎಂ.ಆರ್.ಪಿ. ಅಂಗಡಿ ಮುಂದೆ ಇರುತ್ತಿದ್ದ. ಬಾರಿನಲ್ಲಿ ಕೂತು ಕುಡಿದರೆ ಕುರ್ಚಿಗೂ ದುಡ್ಡು ಕೊಟ್ಟ ಹಾಗೆ ಎಂದು ಜೀವಮಾನವಿಡೀ ನಿಂತೇ ಕುಡಿದ. ರಮ್ಮಿಗೆ ಬಿಸಿನೀರು ಬೇಕು, ಏಪ್ರಿಲ್ ಬಿಸಿಲಿನಲ್ಲೂ. ಪಕ್ಕದ ಟೀ ಅಂಗಡಿಯವನು ಇವನ ಮುಖ ಕಂಡ ಕೂಡಲೇ ಒಂದು ಲೋಟ ಬಿಸಿನೀರು ಇಡುತ್ತಿದ್ದ, ಅದಕ್ಕೆ ಕಾಸಿಲ್ಲ.

ಕೊನೆಗೆ ಈಲಿ ಕೆಟ್ಟು ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ. ಒಂದು ಸಂಜೆ ನನ್ನ ಕೈ ಹಿಡಿದುಕೊಂಡ.

"ಲೋ ನಿಂಗರಾಜು, ಒಂದು ಮುಚ್ಚಳ ಕೊಡ್ಲಾ. ಬಾಟ್ಲು ಮುಚ್ಚಳದಲ್ಲಿ ಒಂದೇ ಒಂದು. ನಾಲ್ಗೆ ಒಣಗೋಯ್ತದೆ ಕಣ್ಲಾ."

ನಾನು ಅತ್ತಿಗೆ ಸೋಮಮ್ಮನ ಮುಖ ನೋಡಿದೆ. ಅತ್ತಿಗೆ ಬೇಡ ಎಂದು ತಲೆಯಾಡಿಸಿದರು. ಡಾಕ್ಟರು ಬೈಯ್ತಾರೆ ಎಂದೆ. ಅಣ್ಣ ಗೋಡೆ ಕಡೆ ತಿರುಗಿಕೊಂಡ. ಬೆಳಿಗ್ಗೆ ಹೋಗಿಬಿಟ್ಟ. ಉಳಿಯುವ ಜೀವವಾಗಿದ್ದರೆ ಕೊಡದೇ ಇದ್ದದ್ದು ಸರಿ. ಹೋಗುವ ಜೀವಕ್ಕೆ ಒಂದು ಮುಚ್ಚಳ ಕೊಡಲಿಲ್ಲವಲ್ಲ ಎಂಬುದು ನನ್ನ ಎದೆಯಲ್ಲಿ ಮುಳ್ಳಾಗಿ ಉಳಿದಿದೆ.

ಪಕ್ಷದ ಹಬ್ಬಕ್ಕೆ, ಅಂದರೆ ನಮ್ಮ ಕಡೆಯ ಮಾರ್ಲಮಿಗೆ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ ಎಡೆ ಇಡುತ್ತೇವೆ. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಬಾಟ್ಲು. ಧೂಪ ಹಾಕಿ ಎಲ್ಲರೂ ಆಚೆ ಬಂದು ಬಾಗಿಲು ಹಾಕುತ್ತೇವೆ. ಹಿರಿಯರು ಬಂದು ಉಣ್ಣುವಷ್ಟು ಹೊತ್ತು ಒಳಗೆ ಯಾರೂ ಹೋಗಬಾರದು. ಅಣ್ಣನ ಎಡೆಯಲ್ಲಿ ಮುದ್ದೆ, ಮಟನ್ನು, ಕಜ್ಜಾಯ, ಬೀಡಿ ಎಲ್ಲ ಇರುತ್ತಿತ್ತು, ಅದೊಂದು ಇರುತ್ತಿರಲಿಲ್ಲ.

"ನಿಮ್ಮಣ್ಣನ್ನ ತಿಂದಿದ್ದು ಈ ಹೊಸಲು ದಾಟಿ ಒಳೀಕೆ ಬರಬಾರ್ದು," ಎಂದು ಅತ್ತಿಗೆ ಮೊದಲ ವರ್ಷವೇ ಹೇಳಿದ್ದರು. ಯಾರೂ ಎದುರಾಡಲಿಲ್ಲ. ಗಂಡನನ್ನು ಕಳೆದುಕೊಂಡವರು ಅವರು.

ಈ ವರ್ಷ ಮಾರ್ಲಮಿಗೆ ಸರಿಯಾಗಿ ಕಂಪನಿಯವರು ಡೀಲರುಗಳನ್ನು ಹಡಗಿನ ಟೂರಿಗೆ ಕರೆದರು. ಮುಂಬೈಯಿಂದ ಹೊರಟು ಗೋವಾ, ಕೊಚ್ಚಿ ಮುಟ್ಟಿ ವಾಪಸು, ಗಂಡ ಹೆಂಡಿರಿಗೆ ಪುಕ್ಕಟೆ. ಎಡೆಯನ್ನು ಬಂದ ಮೇಲೆ ಇಟ್ಟರಾಯಿತು ಎಂದೆ. ನಮ್ಮ ಮನೆಯಲ್ಲಿ ಹಿರಿಯರನ್ನು ಕಾಯಿಸಿದ್ದು ಅದೇ ಮೊದಲು. ಅತ್ತಿಗೆ, "ಓಗ್ಬುಟ್ಟು ಬನ್ನಿ, ಅವರೇನು ಬಸ್ಸಿಗೆ ಕಾಯ್ತಾವ್ರಾ," ಎಂದರು.

ಹಡಗು ಹತ್ತುವಾಗ ಕಂಪನಿಯ ದಿಲೀಪ್ ನಮಗೊಂದು ಲಕೋಟೆ ಕೊಟ್ಟರು. ಒಳಗೆ ರೂಮಿನ ಕಾರ್ಡುಗಳು. ಅದರಿಂದಲೇ ಬಾಗಿಲು ತೆಗೆಯಬೇಕು, ಅದರಿಂದಲೇ ಏನು ಬೇಕಾದರೂ ಕೊಳ್ಳಬೇಕು, ಕೊನೆಗೆ ನಮ್ಮ ಬ್ಯಾಂಕಿನಿಂದ ದುಡ್ಡು ಹೋಗುತ್ತದೆ. ಲಕೋಟೆಯಲ್ಲಿ ಮೂರು ಕಾರ್ಡಿದ್ದವು. ನಿಂಗರಾಜು, ರಮ್ಯ, ಚಿಕ್ಕಸ್ವಾಮಿ.

ದಿಲೀಪ್ ಹಣೆ ಒತ್ತಿಕೊಂಡರು. "ಡೀಲರ್ ಲಿಸ್ಟಲ್ಲಿ ಅಣ್ಣಾವ್ರ ಹೆಸರೇ ಇದೆ ಸರ್, ಅಂಗೇ ಬಂದ್ಬುಟ್ಟಿದೆ. ಸುಮ್ನೆ ಎತ್ತಿಟ್ಬುಡಿ."

ರೂಮಿನ ಮೇಜಿನ ಡ್ರಾಯರಿಗೆ ಹಾಕಿದೆ. ಹೆಂಡತಿ ರಮ್ಯ ಅದನ್ನೇ ಸ್ವಲ್ಪ ಹೊತ್ತು ನೋಡಿದಳು.

ಊಟ ತಿಂಡಿ ಎಲ್ಲ ಪುಕ್ಕಟೆ, ಕುಡಿಯುವುದಕ್ಕೆ ಮಾತ್ರ ದುಡ್ಡು ಎಂದು ಗೊತ್ತಾಗುತ್ತಲೇ ಡೀಲರುಗಳ ಮುಖ ಬಾಡಿತು. ನಾಗಮಂಗಲದ ಶಿವಶಂಕರ್ ಎಳನೀರಿನ ಬಾಟ್ಲಿಯಲ್ಲಿ ಬ್ರಾಂದಿ ತುಂಬಿಕೊಂಡು ಬಂದಿದ್ದ. ಬಾಗಿಲಲ್ಲೇ ಮೂಸಿ ಕಿತ್ತುಕೊಂಡರು. ಅವನು ಮೆನು ಕಾರ್ಡು ಓದಿ ಮಡಚಿ, "ಈ ದುಡ್ಡಲ್ಲಿ ಒಂದು ರೋಲ್ ಪೈಪ್ ಬತ್ತದಲ್ಲೋ ನಿಂಗರಾಜು," ಎಂದ. ನಾನು ನಕ್ಕೆ. ಅವತ್ತು ನಗು ಬಂದದ್ದು ಅಷ್ಟೇ.

ಮರುದಿನ ಬೆಳಿಗ್ಗೆ ರಮ್ಯ ರೂಮಿನ ಟಿವಿ ಹಾಕಿದಳು. ಅದರಲ್ಲಿ ನಮ್ಮ ಖರ್ಚಿನ ಪಟ್ಟಿ ಬರುತ್ತದೆ. ನಾವು ಏನೂ ಕೊಂಡಿರಲಿಲ್ಲ. ಆದರೆ ಪಟ್ಟಿಯಲ್ಲಿ ಎರಡು ಸಾಲು ಇದ್ದವು. ಸಂಜೆ ಆರೂ ನಲವತ್ತು, ಡಾರ್ಕ್ ರಮ್ ಲಾರ್ಜ್ ಒಂದು, ಸಾವಿರದ ನೂರ ಐವತ್ತಾರು. ಅದರ ಕೆಳಗೆ ಬಿಸಿನೀರು ಒಂದು, ಸೊನ್ನೆ.

ಅವಳು ಟಿವಿ ಆರಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

"ಸತ್ತೋರ ಕಾರ್ಡಲ್ಲಿ ಕುಡ್ದ್ರೆ ನಂಗೆ ಗೊತ್ತಾಗಲ್ಲ ಅನ್ಕಂಡ್ರಾ?"

"ಅರ್ಪಿತನ ಆಣೆಗೂ ನಾನಲ್ಲ ಕಣೇ."

"ಅವಳ ತಲೆ ಮ್ಯಾಲೆ ಇನ್ನೊಂದ್ಸಲ ಆಣೆ ಇಡಬ್ಯಾಡಿ."

ಡ್ರಾಯರಿನಿಂದ ಆ ಕಾರ್ಡನ್ನು ತೆಗೆದು ತನ್ನ ವ್ಯಾನಿಟಿ ಬ್ಯಾಗಿನ ಒಳಗಿನ ಜಿಪ್ಪಿಗೆ ಹಾಕಿಕೊಂಡಳು. ಅವತ್ತೆಲ್ಲಾ ಬ್ಯಾಗು ಹೆಗಲಿನಿಂದ ಇಳಿಯಲಿಲ್ಲ. ಸಂಜೆ ಅವಳೇ ನನ್ನನ್ನು ಬಾರಿಗೆ ಎಳೆದುಕೊಂಡು ಹೋದಳು.

ಬಾರು ನೋಡಿಕೊಳ್ಳುತ್ತಿದ್ದವನು ಕಿಶನ್ ಎಂಬ ಉತ್ತರದ ಕಡೆಯವನು, ಅರ್ಧ ತಲೆ ನರೆತವನು. ನನಗೆ ಬರುವ ಹರಕು ಹಿಂದಿಯಲ್ಲಿ ವಿಚಾರಿಸಿದೆ. ಹೌದು, ನಿಮ್ಮ ರೂಮಿನವರೇ, ನೆನ್ನೆ ಬಂದಿದ್ದರು ಎಂದ. ವಯಸ್ಸಾದವರು, ಕುತ್ತಿಗೆಗೆ ಟವೆಲು. ಮಾತಾಡಲಿಲ್ಲ, ಬೆರಳಲ್ಲಿ ರಮ್ಮು ತೋರಿಸಿದರು, ಕೆಟಲು ತೋರಿಸಿದರು. ಇಷ್ಟು ಮೆತ್ತನೆಯ ಕುರ್ಚಿ ಇದ್ದರೂ ಕೂರಲಿಲ್ಲ, ನಿಂತೇ ಕುಡಿದರು ಎಂದು ಅವನಿಗೆ ಆಶ್ಚರ್ಯ.

ರಮ್ಯಳ ಕೈ ನನ್ನ ತೋಳು ಹಿಡಿಯಿತು. ನಾವಿಬ್ಬರೂ ಕೌಂಟರಿಗೆ ಬೆನ್ನು ಕೊಟ್ಟು ಬಾಗಿಲನ್ನೇ ನೋಡುತ್ತಾ ನಿಂತೆವು. ಗೋಡೆಯ ಗಡಿಯಾರದಲ್ಲಿ ಆರೂ ಮೂವತ್ತೈದು. ಆರೂ ನಲವತ್ತು. ಬಾಗಿಲಿನಿಂದ ಯಾರೂ ಬರಲಿಲ್ಲ. ಇಬ್ಬರು ಮಕ್ಕಳು ಐಸ್ ಕ್ರೀಮು ಹಿಡಿದು ಓಡಿಹೋದರು, ಅಷ್ಟೇ. ಆರೂ ನಲವತ್ತೈದಕ್ಕೆ ರಮ್ಯ ಉಸಿರು ಬಿಟ್ಟಳು.

ಹಿಂದಕ್ಕೆ ತಿರುಗಿದರೆ ಕೌಂಟರಿನ ಮೇಲೆ, ನನ್ನ ಮೊಣಕೈಯ ಪಕ್ಕದಲ್ಲೇ, ಖಾಲಿ ಲೋಟ ಇತ್ತು. ಕಿಶನ್ ಚೀಟಿಗೆ ಸೀಲು ಒತ್ತುತ್ತಿದ್ದ. ಈಗ ತಾನೇ ಹೋದರಲ್ಲ, ನಿಮ್ಮ ಪಕ್ಕದಲ್ಲೇ ನಿಂತಿದ್ದರು, ನೀವು ಯಾಕೆ ಮಾತಾಡಿಸಲಿಲ್ಲ ಎಂದು ನನ್ನನ್ನೇ ಕೇಳಿದ. ರಮ್ಯ ಲೋಟ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು. ಬಿಸಿ ಇತ್ತು. ಬ್ಯಾಗಿನ ಜಿಪ್ಪು ತೆಗೆದು ನೋಡಿದಳು. ಕಾರ್ಡು ಅಲ್ಲೇ ಇತ್ತು.

"ಬಾವ್ನೋರೆಯಾ," ಎಂದಳು. ಅಷ್ಟು ಹೇಳಿ ಜಿಪ್ಪನ್ನು ಮತ್ತೆ ಎಳೆದು ಮುಚ್ಚಿದಳು.

ನನಗೆ ಭಯವಾಯಿತು, ಇಲ್ಲ ಎನ್ನುವುದಿಲ್ಲ. ಆದರೆ ಭಯದ ಅಡಿಯಲ್ಲಿ ಇನ್ನೊಂದು ಇತ್ತು. ಅಷ್ಟು ಹತ್ತಿರ ಬಂದು ನಿಂತವನು ನನ್ನನ್ನು ಯಾಕೆ ಮುಟ್ಟಲಿಲ್ಲ ಎಂಬ ಸಂಕಟ. ಮಿಕ್ಕ ಎರಡು ಸಂಜೆಯೂ ನಾವು ರೂಮು ಬಿಟ್ಟು ಬರಲಿಲ್ಲ. ಪಟ್ಟಿಯಲ್ಲಿ ಮಾತ್ರ ಎರಡೆರಡು ಸಾಲು ತಪ್ಪದೆ ಬಂದವು.

ಮುಂಬೈಯಲ್ಲಿ ಇಳಿಯುವಾಗ ಪ್ರತಿಯೊಬ್ಬರೂ ಕಾರ್ಡನ್ನು ಮಿಷನ್ನಿಗೆ ತೋರಿಸಬೇಕು, ಅದು ಟಿಂಗ್ ಎನ್ನಬೇಕು. ನಮ್ಮದು ಎರಡೂ ಟಿಂಗ್ ಎಂದವು. ಆದರೂ ಅಲ್ಲಿನವನು ಬಿಡಲಿಲ್ಲ. ಈ ರೂಮಿನಲ್ಲಿ ಮೂರು ಜನ, ಇಳಿದವರು ಇಬ್ಬರು ಎಂದ. ರಮ್ಯ ಜಿಪ್ಪು ತೆಗೆದಳು. ಕಾರ್ಡು ಇರಲಿಲ್ಲ. ಬ್ಯಾಗನ್ನು ಮೇಜಿನ ಮೇಲೆ ಸುರಿದಳು, ಇರಲಿಲ್ಲ. ರೂಮಿನಲ್ಲಿ ಹುಡುಕಿ ಬಂದವರು ಯಾರೂ ಇಲ್ಲ ಎಂದರು. ದಿಲೀಪ್ ಬಂದು ಲಿಸ್ಟಿನ ತಪ್ಪು ಎಂದು ಏನೋ ಬರೆದುಕೊಟ್ಟು ನಮ್ಮನ್ನು ಇಳಿಸಿದರು.

ನನ್ನ ಬ್ಯಾಂಕಿನ ಮೆಸೇಜು ರಮ್ಯಳ ಫೋನಿಗೆ ಬರುತ್ತದೆ. ನಾನು ಕುಡಿಯುತ್ತಿದ್ದ ಕಾಲದಲ್ಲಿ ಅವಳೇ ಮಾಡಿಸಿಕೊಂಡ ವ್ಯವಸ್ಥೆ. ಸಿಂಧಘಟ್ಟಕ್ಕೆ ಬಂದ ಮರುಸಂಜೆ ಹಸುವಿಗೆ ಹುಲ್ಲು ಹಾಕುತ್ತಿದ್ದಾಗ ಫೋನು ಸದ್ದು ಮಾಡಿತು. ಆರೂ ನಲವತ್ತು. ಸಾವಿರದ ನೂರ ಐವತ್ತಾರು. ಅದರ ಮರುದಿನವೂ ಬಂತು.

ದಿಲೀಪ್‌ಗೆ ಫೋನು ಮಾಡಿದೆ. ಅವರು ಹಡಗಿನವರನ್ನು ಕೇಳಿ ಹೇಳಿದರು. "ಅಕೌಂಟು ಕ್ಲೋಸ್ ಆಗ್ತಿಲ್ವಂತೆ ಸರ್. ಗೆಸ್ಟ್ ಇಳಿದಿಲ್ಲ ಅಂತ ತೋರ್ಸ್ತಾ ಇದೆಯಂತೆ. ನಿಮ್ಮ ಬ್ಯಾಂಕಿಗೆ ಹೇಳಿ ಬಂದ್ ಮಾಡುಸ್ಬುಡಿ."

ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸ. ಒತ್ತಲು ಹೋದಾಗೆಲ್ಲ ಗೋಡೆ ಕಡೆ ತಿರುಗಿದ ಅವನ ಬೆನ್ನು ಕಣ್ಣಿಗೆ ಕಟ್ಟುತ್ತಿತ್ತು. ಒಂದು ಸಲ ಇಲ್ಲ ಎಂದವನು ನಾನು. ಎರಡನೇ ಸಲವೂ ಇಲ್ಲ ಎನ್ನಲೇ? ಒತ್ತದಿದ್ದರೆ ತಿಂಗಳಿಗೆ ಮೂವತ್ತೈದು ಸಾವಿರ. ಅಂಗಡಿ ಎಷ್ಟು ತಿಂಗಳು ತಡೆಯುತ್ತದೆ?

ಕೊನೆಗೆ ಅತ್ತಿಗೆಗೆ ಎಲ್ಲವನ್ನೂ ಹೇಳಿದೆವು. ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. ನಂಬುವುದಿಲ್ಲ, ನನಗೇ ಉಗಿಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು.

"ಬಿಸ್ನೀರು ಕೊಟ್ರಂತಾ?"

"ದಿನಾ ಕೊಡ್ತಾವ್ರೆ ಅತ್ತಿಗೆ."

ಆಮೇಲೆ ದಿನಾ ಸಂಜೆ ಆರೂವರೆಗೆ ಅತ್ತಿಗೆ ಜಗಲಿಗೆ ಬಂದು ರಮ್ಯಳ ಪಕ್ಕ ಕೂರತೊಡಗಿದರು. ಫೋನು ಸದ್ದು ಮಾಡಿದರೆ, "ಬಂತಾ?" ಎನ್ನುವರು. ರಮ್ಯ, "ಬಂತು ಅಕ್ಕ," ಎನ್ನುವಳು. ಅತ್ತಿಗೆ ಎದ್ದು ಒಳಗೆ ಹೋಗುವರು. ಮಾಕವಳ್ಳಿ ಫ್ಯಾಕ್ಟರಿಗೆ ಕಬ್ಬು ಹಾಕಿ ಗಂಡ ಬರುವುದನ್ನು ಕಾಯುತ್ತಿದ್ದಾಗ ಹೇಗೆ ಕೂರುತ್ತಿದ್ದರೋ ಹಾಗೇ ಕೂರುತ್ತಿದ್ದರು. ಹೀಗೆ ಒಂಬತ್ತು ಸಂಜೆ.

ಹತ್ತನೆಯ ದಿನ ಬೆಳಿಗ್ಗೆ ನನ್ನನ್ನು ಕರೆದರು. "ಬಂದ್ ಮಾಡ್ಸು ನಿಂಗರಾಜು."

"ಅತ್ತಿಗೆ, ಅವತ್ತೂ ಇಲ್ಲ ಅಂದ್ವಿ..."

"ಅವತ್ತು ಇಲ್ಲ ಅಂದೋಳು ನಾನು. ನೀನು ನನ್ ಮಖ ನೋಡ್ದೆ ಅಷ್ಟೆಯಾ. ಅಂಗಡಿಯೋರು ಸಾಲ ಕೊಡೋದು ನಿಲ್ಸುದ್ರೆ ಮನೆ ದಾರಿ ಇಡೀತಿದ್ರು ನಿಮ್ಮಣ್ಣ. ಬಂದ್ ಮಾಡು. ನಾನು ಪ್ಯಾಟೆಗೆ ಓಗ್ಬುಟ್ಟು ಬತ್ತೀನಿ."

ಒತ್ತಿದೆ. ಅತ್ತಿಗೆ ಹತ್ತು ಗಂಟೆಯ ಬಸ್ಸಿಗೆ ಒಬ್ಬರೇ ಕೆ.ಆರ್. ಪೇಟೆಗೆ ಹೋದರು. ಎಂ.ಆರ್.ಪಿ. ಅಂಗಡಿ ಮುಂದೆ ಗಂಡಸರ ಸಾಲಿನಲ್ಲಿ ಸೆರಗು ಹೊದ್ದು ನಿಂತಿದ್ದರು ಎಂದು ಆಮೇಲೆ ಊರವರು ಹೇಳಿದರು. ಮಧ್ಯಾಹ್ನ ಬಂದವರ ಚೀಲದಲ್ಲಿ ಬಾಳೆಎಲೆ, ಮಟನ್ನು, ಬೀಡಿ ಕಟ್ಟು, ಪೇಪರಿನಲ್ಲಿ ಸುತ್ತಿದ ಒಂದು ಕ್ವಾರ್ಟರು ರಮ್ಮು ಇತ್ತು. ಅದನ್ನು ಹಿಡಿದೇ ಹೊಸಲು ದಾಟಿದರು.

ಪಕ್ಷ ಕಳೆದು ಹೋಗಿತ್ತು. ಇರಲಿ ಎಂದು ಅವತ್ತೇ ಎಡೆ ಇಟ್ಟೆವು. ಮುದ್ದೆ, ಸಾರು, ಕಜ್ಜಾಯ. ಸೀಲು ಒಡೆಯದ ಕ್ವಾರ್ಟರು, ಪಕ್ಕದಲ್ಲಿ ಅಣ್ಣನ ಹಳೆಯ ಸ್ಟೀಲ್ ಲೋಟ, ಚೊಂಬಿನಲ್ಲಿ ಕುದಿಯುವ ನೀರು. ನಾನು ಧೂಪ ಹಾಕಿದೆ. ಅತ್ತಿಗೆ ಎಲ್ಲರನ್ನೂ ಆಚೆ ಕಳಿಸಿ, ಕೊನೆಗೆ ಬಂದು ಬಾಗಿಲು ಎಳೆದುಕೊಂಡರು. ಒಳಗೆ ಒಂದು ಬೆಕ್ಕೂ ಇರಲಿಲ್ಲ.

ಜಗಲಿಯಲ್ಲಿ ಮೂವರೂ ನಿಂತೆವು. ರಮ್ಯಳ ಅಂಗೈಯಲ್ಲಿ ಫೋನು. ಆರೂ ನಲವತ್ತಾಯಿತು. ಫೋನು ಸುಮ್ಮನಿತ್ತು. ಆರೂ ನಲವತ್ತೈದು. ಬರಲಿಲ್ಲ. ಅಲ್ಲಿಯೂ ಇಲ್ಲ ಎಂದುಬಿಟ್ಟೆವು, ಇಲ್ಲಿಗೆ ಬರುವ ದಾರಿ ಅವನಿಗೆ ಗೊತ್ತೋ ಇಲ್ಲವೋ, ನಡುನೀರಿನಲ್ಲಿ ಕೈಬಿಟ್ಟೆವು ಎಂದುಕೊಂಡೆ.

ಆಗ ಒಳಗಿನಿಂದ ಕಟಕ್ ಎಂದು ಸೀಲು ಮುರಿದ ಸದ್ದು ಬಂತು. ಮುಚ್ಚಳ ನೆಲಕ್ಕೆ ಬಿದ್ದು ಸ್ವಲ್ಪ ದೂರ ಉರುಳಿ ನಿಂತಿತು. ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಿದ್ದು ಕೇಳಿಸಿತು.

ನನ್ನ ಕೈ ತಾನಾಗಿಯೇ ಬಾಗಿಲ ಕಡೆ ಹೋಯಿತು. ಅತ್ತಿಗೆ ಅದನ್ನು ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಈಗ್ಲೇ ತಗೀಬ್ಯಾಡ ಕಣಪ್ಪ," ಎಂದರು. "ನಿಧಾನಕ್ಕೆ ಕುಡ್ಕಳ್ಳಿ."

ಕತ್ತಲಾಗುವವರೆಗೂ ನಾವು ಬಾಗಿಲು ತೆಗೆಯಲಿಲ್ಲ.